ಮೂರನೆಯ ಟರ್ಬೊ ಕೊಳ್ಳುವ ಮುನ್ನ ರಿಟರ್ನ್ ಪೈಪ್ ಬಿಚ್ಚಿ ನೋಡಿ

ಮಿತ್ಸುಬಿಷಿಯ ಹಳೆಯ 4ಜಿ63 ಟರ್ಬೊ ಎಂಜಿನನ್ನು ಮನೆಯಲ್ಲೇ ಬಿಚ್ಚಿ, ರಿಂಗು, ಬೇರಿಂಗುಗಳನ್ನೆಲ್ಲ ಹೊಸದಾಗಿ ಹಾಕಿ ಕಟ್ಟಿದ್ದೀರಿ. ಆದರೂ ಆಕ್ಸಿಲರೇಟರ್ ಒತ್ತದೆ ಸ್ವಲ್ಪ ಹೊತ್ತು ಐಡಲ್‌ನಲ್ಲಿ ಬಿಟ್ಟರೆ ನೀಲಿ ಹೊಗೆ ಬರುತ್ತಿದೆ, ಎರಡನೆಯ ಟರ್ಬೊವಿನ (ಎಕ್ಸಾಸ್ಟ್ ಅನಿಲದಿಂದ ತಿರುಗಿ ಎಂಜಿನಿಗೆ ಗಾಳಿ ಒತ್ತಿ ತುಂಬುವ ಭಾಗ) ಸೀಲೂ ಹೋಗಿರಬೇಕು, ಮೂರನೆಯದಕ್ಕೆ ಯಾವ ಕಂಪನಿಯದು ಒಳ್ಳೆಯದು ಎಂದು ಕೇಳಿದ್ದೀರಿ. ನೀವೇ ಹಾಕಿರುವ ಫೋಟೊದಲ್ಲಿ ಟರ್ಬೊವಿನ ಕೆಳಗಿನ ಫ್ಲೇಂಜಿನ ಅಂಚಿನಿಂದ ಕೆಂಪು ಸಿಲಿಕೋನ್ ಅಂಟು ಹೊರಕ್ಕೆ ಉಬ್ಬಿದೆ, ಟರ್ಬೊವಿನ ಎಣ್ಣೆಯನ್ನು ವಾಪಸ್ ಒಯ್ಯುವ ರಿಟರ್ನ್ ಹೋಸ್, ಎಂಜಿನಿನ ತಳದ ಎಣ್ಣೆ ತೊಟ್ಟಿಯಾದ ಸಂಪ್ ಸೇರುವ ಮೊದಲು ಜೋತುಬಿದ್ದು ಮತ್ತೆ ಮೇಲೇರಿದೆ. ಇಂಥದೇ ಹೋಸ್ ಇಟ್ಟುಕೊಂಡು ಸರಿಯಿದ್ದ ಟರ್ಬೊವನ್ನು ಬದಲಿಸಿದವರಲ್ಲಿ ನಾನೂ ಒಬ್ಬನಾದ್ದರಿಂದ ಹೇಳುತ್ತಿದ್ದೇನೆ: ಆರ್ಡರ್ ಮಾಡುವುದನ್ನು ಸದ್ಯಕ್ಕೆ ನಿಲ್ಲಿಸಿ.

ಟರ್ಬೊವಿನ ಒಳಗೆ ಕ್ರ್ಯಾಂಕ್ ಸೀಲಿನಂಥ ರಬ್ಬರ್ ಸೀಲ್ ಇರುವುದಿಲ್ಲ. ಶಾಫ್ಟಿನ ಮೇಲಿರುವುದು ಪಿಸ್ಟನ್ ರಿಂಗಿನಂಥ ಸಣ್ಣ ಉಂಗುರ, ಮತ್ತು ಅದು ಮುಖ್ಯವಾಗಿ ತಡೆಯುವುದು ಒಳಗೆ ನುಗ್ಗುವ ಅನಿಲವನ್ನೇ ಹೊರತು ನಿಂತ ಎಣ್ಣೆಯನ್ನಲ್ಲ. ಒಳಕ್ಕೆ ಒತ್ತಡದಲ್ಲಿ ಬರುವ ಎಣ್ಣೆ ಹೊರಕ್ಕೆ ಹೋಗುವುದು ಬರೀ ತನ್ನ ಭಾರದಿಂದ. ಅದೂ ಬೇರಿಂಗಿನಲ್ಲಿ ಗಾಳಿ ಬೆರೆತು ನೊರೆಯಾಗಿ. ಆ ನೊರೆಗೆ ದಾರಿ ಕಿರಿದಾದರೆ ಎಣ್ಣೆ ಮಧ್ಯದ ಹೌಸಿಂಗಿನಲ್ಲಿ ಏರಿ ನಿಲ್ಲುತ್ತದೆ. ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಇದ್ದಾಗ ಎಕ್ಸಾಸ್ಟ್ ಕಡೆಯ ಟರ್ಬೈನ್, ಗಾಳಿಯ ಕಡೆಯ ಕಂಪ್ರೆಸರ್ ಎರಡೂ ಚಕ್ರಗಳ ಹಿಂದಿನ ಒತ್ತಡ ಅದನ್ನು ಒಳಕ್ಕೇ ತಳ್ಳುತ್ತಿರುತ್ತದೆ. ಐಡಲ್‌ನಲ್ಲಿ ಆ ಒತ್ತಡವಿಲ್ಲದ ಕಾರಣ ಎಣ್ಣೆ ಉಂಗುರವನ್ನು ದಾಟುತ್ತದೆ. ನಿಮ್ಮ ಹೊಗೆ ಐಡಲ್‌ನಲ್ಲಿ ಮಾತ್ರ ಬರುತ್ತಿರುವುದು ಇದಕ್ಕೆ ಸರಿಹೊಂದುತ್ತದೆ.

ಆದರೂ ಮೊದಲು ಎಂಜಿನನ್ನೇ ಅನುಮಾನಿಸಿ. ಟರ್ಬೊವಿನ ನಂತರದ ಎಕ್ಸಾಸ್ಟ್ ಕೊಳವೆಯಾದ ಡೌನ್‌ಪೈಪ್ ಬಿಚ್ಚಿ ಟರ್ಬೈನಿನ ಹಿಂಬದಿ ನೋಡಿ, ಆಮೇಲೆ ಟರ್ಬೊ ಇಳಿಸಿ ಸಿಲಿಂಡರುಗಳಿಂದ ಎಕ್ಸಾಸ್ಟ್ ತರುವ ಮ್ಯಾನಿಫೋಲ್ಡಿನ ಒಳಗೆ ನೋಡಿ. ಮ್ಯಾನಿಫೋಲ್ಡೇ ಎಣ್ಣೆಯಿಂದ ಒದ್ದೆಯಾಗಿದ್ದರೆ ತಪ್ಪು ವಾಲ್ವ್ ಸೀಲಿನದೋ ರಿಂಗಿನದೋ ಇರುತ್ತದೆ, ಟರ್ಬೊವಿನದಲ್ಲ. ಮ್ಯಾನಿಫೋಲ್ಡ್ ಒಣಗಿದ್ದು ಟರ್ಬೈನಿನ ನಂತರ ಮಾತ್ರ ಒದ್ದೆಯಿದ್ದರೆ ಮುಂದಿನ ಪರೀಕ್ಷೆಗೆ ಹೋಗಿ.

ನಾನು ಎಲ್ಲಕ್ಕಿಂತ ಹೆಚ್ಚು ನಂಬುವುದು ಡಬ್ಬದ ಪರೀಕ್ಷೆಯನ್ನು. ರಿಟರ್ನ್ ಹೋಸನ್ನು ಸಂಪಿನ ಕಡೆಯಿಂದ ಬಿಚ್ಚಿ, ಸಂಪಿನ ತೂತಿಗೆ ಬಿಗಿಯಾದ ಬಿರಡೆ ಹಾಕಿ, ಹೋಸಿನ ಬಾಯನ್ನು ನೇರ ಕೆಳಗಿಟ್ಟ ಲೋಹದ ಡಬ್ಬಕ್ಕೆ ಬಿಡಿ. ಈಗ ಎಂಜಿನ್ ಶುರುಮಾಡಿ ಐಡಲ್‌ನಲ್ಲಷ್ಟೇ ಓಡಿಸಿ, ಹರಿವನ್ನು ನೋಡಿ. ಹೊಗೆ ನಿಂತಿತೆಂದರೆ ಟರ್ಬೊ ನಿರಪರಾಧಿ. ದೋಷ ಹೋಸಿನಲ್ಲೋ, ಕ್ರ್ಯಾಂಕ್ ತಿರುಗುವ ಕೆಳಗಿನ ಕೋಣೆಯಾದ ಕ್ರ್ಯಾಂಕ್‌ಕೇಸಿನ ಒತ್ತಡದಲ್ಲೋ ಇದೆ. ಬಿರಡೆ ಹಾಕದಿದ್ದರೆ ಕ್ರ್ಯಾಂಕ್‌ಕೇಸಿನ ಒತ್ತಡ ಆ ತೂತಿನಿಂದಲೇ ಬಿಡುಗಡೆಯಾಗುವುದಲ್ಲದೆ ಎಣ್ಣೆಯೂ ಚಿಮ್ಮುತ್ತದೆ. ಎಕ್ಸಾಸ್ಟಿನಲ್ಲಿ ಹಳೆಯ ಎಣ್ಣೆ ಅಂಟಿಕೊಂಡಿರುವುದರಿಂದ ಹೊಗೆ ಕೂಡಲೇ ನಿಲ್ಲದಿರಬಹುದು. ಹಾಗೆಂದು ಉದ್ದಕ್ಕೆ ಓಡಿಸಬೇಡಿ, ಸಂಪ್ ಬರಿದಾಗುತ್ತಿರುತ್ತದೆ. ಎಂಜಿನ್ ಆರಿಸಿ, ಎಣ್ಣೆ ಮತ್ತೆ ತುಂಬಿ, ಇನ್ನೊಮ್ಮೆ ಮಾಡಿ. ಬಿಸಿ ಎಣ್ಣೆ ಡೌನ್‌ಪೈಪಿಗೆ ತಾಗಿದರೆ ಹೊತ್ತಿಕೊಳ್ಳಬಹುದು, ಆದ್ದರಿಂದ ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿರಲಿ, ಕಾರು ಜ್ಯಾಕಿನ ಮೇಲಲ್ಲ, ಸ್ಟ್ಯಾಂಡಿನ ಮೇಲಿರಲಿ.

ನಂತರ ಹೋಸನ್ನು ಮೊದಲಿನಂತೆ ಜೋಡಿಸಿ, ಎಣ್ಣೆ ತುಂಬುವ ಮುಚ್ಚಳ ತೆಗೆದು ಮತ್ತೆ ಐಡಲ್ ಮಾಡಿ. ಹೊಗೆ ಕಡಿಮೆಯಾದರೆ ಕ್ರ್ಯಾಂಕ್‌ಕೇಸಿನ ಒತ್ತಡವೇ ಎಣ್ಣೆಯನ್ನು ಇಳಿಯಗೊಡುತ್ತಿಲ್ಲವೆಂದು ಅರ್ಥ. ಮುಚ್ಚಳ ತೆಗೆದಾಗ ಅಳತೆಗೆ ಸಿಗದ ಗಾಳಿ ಒಳಹೋಗಿ ಐಡಲ್ ತಡವರಿಸಬಹುದು. ಅದನ್ನು ದೋಷವೆಂದು ಭಾವಿಸಬೇಡಿ. ಈ ಎಂಜಿನಿನಲ್ಲಿ ನಾನು ಮೊದಲು ನೋಡುವುದು ಪಿಸಿವಿ ವಾಲ್ವನ್ನು, ಅಂದರೆ ಕ್ರ್ಯಾಂಕ್‌ಕೇಸಿನ ಅನಿಲವನ್ನು ಇನ್‌ಟೇಕಿಗೆ ಬಿಡುವ ಏಕಮುಖ ವಾಲ್ವನ್ನು. ಬೂಸ್ಟ್ ಬಂದಾಗ ಅದು ಪೂರ್ತಿ ಮುಚ್ಚಬೇಕು, ಇಲ್ಲದಿದ್ದರೆ ಬೂಸ್ಟ್ ನೇರ ಕ್ರ್ಯಾಂಕ್‌ಕೇಸಿಗೆ ಇಳಿಯುತ್ತದೆ. ಇನ್‌ಟೇಕ್ ಕಡೆಯಿಂದ ಬಾಯಲ್ಲಿ ಊದಿ ನೋಡಿ, ಗಾಳಿ ದಾಟಿದರೆ ಎಸೆಯಿರಿ. ಇದೊಂದು ಬಿಡಿಭಾಗದಲ್ಲಿ ಮಾತ್ರ ಕಾರಿನ ಕಂಪನಿಯದನ್ನು ಬಿಟ್ಟು ಬೇರೆ ತರಬೇಡಿ. ಆ ಅನಿಲದಲ್ಲಿನ ಎಣ್ಣೆ ಹಿಡಿಯುವ ಕ್ಯಾಚ್ ಕ್ಯಾನ್ ಹಾಕಿದ್ದರೆ ಅದರ ಹೋಸ್, ಅನಿಲ ಹೊರಬಿಡುವ ಮೂಲ ಬ್ರೀದರ್ ಕೊಳವೆಗಿಂತ ಸಣ್ಣದಾಗಿದೆಯೇ ಎಂಬುದನ್ನೂ ನೋಡಿ. ಹೊಳೆಯುವ ಡಬ್ಬಿ ಕೊಂಡು ಬೆರಳು ಗಾತ್ರದ ದಾರಿಗೆ ಪೆನ್ಸಿಲ್ ಗಾತ್ರದ ಕೊಳವೆ ಸಿಕ್ಕಿಸುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ.

ಹೋಸಿನ ವಿಷಯದಲ್ಲಿ ಒಳವ್ಯಾಸ 16 ಮಿ.ಮೀ.ಗಿಂತ ಕಡಿಮೆ ಬೇಡ, ಮತ್ತು ಅಳೆಯಬೇಕಾದದ್ದು ಹೋಸನ್ನಲ್ಲ, ಅದರೊಳಗೆ ಕೂರುವ ಫಿಟ್ಟಿಂಗಿನ ತೂತನ್ನು. ಮೇಲಿನಿಂದ ಕೆಳಗಿನವರೆಗೆ ಇಳಿಜಾರು ಎಲ್ಲಿಯೂ ತಪ್ಪಬಾರದು, ಲಂಬದಿಂದ 30 ಡಿಗ್ರಿಗಿಂತ ಹೆಚ್ಚು ವಾಲದಿದ್ದರೆ ಒಳ್ಳೆಯದು, ಸಂಪ್ ಸೇರುವ ಜಾಗ ಎಣ್ಣೆಯ ಮಟ್ಟಕ್ಕಿಂತ ಮೇಲಿರಬೇಕು. ಫ್ಲೇಂಜಿಗೆ ಗ್ಯಾಸ್ಕೆಟ್ ಮಾತ್ರ ಸಾಕು. ಹೊರಗೆ ಉಬ್ಬಿದಷ್ಟೇ ಸಿಲಿಕೋನ್ ಒಳಗೂ ಉಬ್ಬಿರುತ್ತದೆ. ಎಣ್ಣೆ ಒಳಬರುವ ಫೀಡ್ ಕಡೆಯಲ್ಲಿ ಅದರ ಚೂರು ಕಿತ್ತು ಬಂದರೆ ಬೇರಿಂಗಿನ ತೂತೇ ಮುಚ್ಚಿಹೋಗುತ್ತದೆ. ಸುಬಾರುವಿನ ಇಜೆ ಸರಣಿಯ ಎಂಜಿನಿನ ಕಾರಿಟ್ಟುಕೊಂಡವರು ಫೀಡ್ ಲೈನಿನ ಬ್ಯಾಂಜೊ ಬೋಲ್ಟಿನೊಳಗೆ (ಎಣ್ಣೆ ಒಳಗಿಂದಲೇ ಹರಿಯುವ ಟೊಳ್ಳು ಬೋಲ್ಟ್) ಸಣ್ಣ ಜಾಲರಿ ಇದೆಯೇ ಎಂದು ನೋಡಲಿ. ಕಟ್ಟಿಕೊಂಡ ಜಾಲರಿಯೂ ಹೀಗೆಯೇ ಟರ್ಬೊವನ್ನು ಒಣಗಿಸುತ್ತದೆ.

ಫೀಡ್ ಲೈನಿಗೆ ರಿಸ್ಟ್ರಿಕ್ಟರ್ (ಹರಿವು ಕುಗ್ಗಿಸುವ ಸಣ್ಣ ತೂತಿನ ತುಂಡು) ಹಾಕಿ ಎಂದು ಇದೇ ಚರ್ಚೆಯಲ್ಲಿ ಒಬ್ಬರು ಹೇಳಿದ್ದಾರೆ. ಬಾಲ್ ಬೇರಿಂಗ್ ಟರ್ಬೊಗೆ ಸುಮಾರು 1 ಮಿ.ಮೀ. ತೂತಿನದು ಬೇಕಾಗಬಹುದು, ಆದರೆ ನಿಮ್ಮದು ಗುಂಡುಗಳಿಲ್ಲದ ಜರ್ನಲ್ ಬೇರಿಂಗ್. ಅದರ ಶಾಫ್ಟ್ ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತುವಾಗ ತೇಲುವುದೇ ಆ ಎಣ್ಣೆಯ ಮೇಲೆ. ಹೊಗೆ ಮರೆಸಲು ಎಣ್ಣೆ ಕಡಿತ ಮಾಡಿದರೆ ಇಂದಿನ ಹೊಗೆ ನಾಳೆ ಮುರಿದ ಶಾಫ್ಟಾಗುತ್ತದೆ. ಒಂದು ಸಂದರ್ಭದಲ್ಲಿ ಎಣ್ಣೆ ನಿಜಕ್ಕೂ ಹೆಚ್ಚಾಗಿರಬಹುದು: ಎಂಜಿನಿನ ಕಂಪನ ತಗ್ಗಿಸುವ ಬ್ಯಾಲೆನ್ಸ್ ಶಾಫ್ಟ್ ತೆಗೆದಿದ್ದರೆ ಎಣ್ಣೆಯ ಒತ್ತಡ ಏರಿರುತ್ತದೆ, ಫೀಡನ್ನು ಫಿಲ್ಟರ್ ಹೌಸಿಂಗಿನಿಂದ ತೆಗೆದುಕೊಂಡಿದ್ದರೆ ಇನ್ನೂ ಹೆಚ್ಚು. ಆಗಲೂ ಸರಿಪಡಿಸಬೇಕಾದದ್ದು ಹೆಚ್ಚಿನ ಒತ್ತಡ ಹೊರಬಿಡುವ ರಿಲೀಫ್ ವಾಲ್ವಿನ ದಾರಿಯನ್ನು.

ಕಂಪನಿಯ ಪ್ರಶ್ನೆಗೆ ಉತ್ತರ: ರಸ್ತೆಯ ಕಾರಿಗೆ ಅಸಲಿ ಮಿತ್ಸುಬಿಷಿ ಟಿಡಿ05ಎಚ್ ಟರ್ಬೊ ಅಥವಾ ಗ್ಯಾರೆಟ್ ಕಂಪನಿಯದು ಸಾಕು. ಹೆಸರಿಲ್ಲದ ಪೆಟ್ಟಿಗೆಯಲ್ಲಿ ಬರುವ ಅಗ್ಗದ ಟರ್ಬೊಗಿಂತ ಬ್ಯಾಲೆನ್ಸ್ ಮಾಡಿಸಿ ರಿಪೇರಿ ಮಾಡಿದ ಹಳೆಯ ಅಸಲಿಯೇ ಮೇಲು.

ಮೊದಲ ಟರ್ಬೊ ನಿಜವಾಗಿ ಬೇರಿಂಗ್ ಸವೆದು ಹೋಗಿದ್ದರೆ ಆಯಿಲ್ ಕೂಲರನ್ನು ತೊಳೆಯಲು ಹೋಗದೆ ಬದಲಿಸಿ, ಅದರ ಸಂದಿಗಳಲ್ಲಿ ಉಳಿದ ಲೋಹದ ಪುಡಿ ಪೂರ್ತಿ ಹೊರಬರುವುದಿಲ್ಲ. ಟರ್ಬೊವಿನಿಂದ ಬರುವ ಗಾಳಿಯನ್ನು ತಂಪಾಗಿಸುವ ಇಂಟರ್‌ಕೂಲರನ್ನು ಇಳಿಸಿ ದ್ರಾವಕದಿಂದ ತೊಳೆದು ಒಣಗಿಸಿ. ಅಲ್ಲಿ ನಿಂತ ಎಣ್ಣೆ ಹೊಗೆಯನ್ನು ಮುಂದುವರಿಸುವುದಷ್ಟೇ ಅಲ್ಲ, ಸಿಲಿಂಡರಿಗೆ ಹೋಗಿ ಇಂಧನ ತಾನಾಗಿ ಸಿಡಿಯುವ ನಾಕಿಂಗ್ ಶುರುಮಾಡುತ್ತದೆ. ಮತ್ತೆ ಜೋಡಿಸುವಾಗ ಫೀಡ್ ತೂತಿಗೆ ಎಣ್ಣೆ ಸುರಿದು ಶಾಫ್ಟನ್ನು ಕೈಯಲ್ಲಿ ತಿರುಗಿಸಿ, ಇಂಜೆಕ್ಟರ್ ಮತ್ತು ಇಗ್ನಿಷನ್ ಕನೆಕ್ಟರುಗಳನ್ನು ಕಳಚಿ, ಎಣ್ಣೆಯ ಒತ್ತಡ ಗೇಜಿನಲ್ಲಿ ಕಾಣುವವರೆಗೆ ಎಂಜಿನನ್ನು ಸ್ಟಾರ್ಟರಿನಿಂದಲೇ ತಿರುಗಿಸಿ. ಬೂಸ್ಟ್ ಏರಿಸುವ ಮಾತು, ಗಾಳಿ-ಇಂಧನದ ಪ್ರಮಾಣ ತೋರಿಸುವ ವೈಡ್‌ಬ್ಯಾಂಡ್ ಹಾಕುವವರೆಗೆ ಬೇಡ, ಅಲ್ಲಿಯವರೆಗೆ ಬೂಸ್ಟನ್ನು ಮಿತಿಯಲ್ಲಿಡುವ ವೇಸ್ಟ್‌ಗೇಟ್ ಸ್ಪ್ರಿಂಗಿನ ಒತ್ತಡದಲ್ಲೇ ಓಡಿಸಿ. ಡಬ್ಬದ ಪರೀಕ್ಷೆಯಲ್ಲಿ ಏನು ಕಂಡಿತೆಂಬುದನ್ನು, ಫ್ಲೇಂಜಿನ ಒಳಗಿನ ಫೋಟೊ ಸಮೇತ ಇಲ್ಲೇ ಹಾಕಿ.