ಬಾಡಿಗೆ ಕಟ್ಟಿಹಾಕಿದರೆ ಸಾಲದು, ಬಾಡಿಗೆ ಮನೆ ಕಟ್ಟಬೇಕು

ಮುಂಬೈಯ ಭಾಂಡುಪಿನಿಂದ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ. ಅವರ ಮನೆ ಮಾಲೀಕರೂ ನಮ್ಮ ಚಂದಾದಾರರಂತೆ! ಗಂಡ ಥಾಣೆಯ ಹೋಟೆಲಿನಲ್ಲಿ ಮ್ಯಾನೇಜರ್. ಇರುವುದು ಒಂದು ಕೋಣೆ, ಅಡುಗೆಮನೆಯ ಒನ್ ಆರ್‌ಕೆ, ಬಾಡಿಗೆ 16 ಸಾವಿರ. ಜೂನ್‌ನಲ್ಲಿ ಅಗ್ರಿಮೆಂಟ್ ಮುಗಿದರೆ 19 ಸಾವಿರ ಕೊಡಿ, ಇಲ್ಲವೇ ಖಾಲಿ ಮಾಡಿ ಅಂತ ಮಾಲೀಕರ ಮಾತು. ಮೇಲಿಂದ ಬ್ರೋಕರ್‌ಗೆ ಮತ್ತೆ ಒಂದು ತಿಂಗಳ ಬಾಡಿಗೆ. ಪದೇ ಪದೇ ಮನೆ ಬದಲಿಸಿ ಮಗಳ ಶಾಲೆಯೂ ಬದಲಾಯಿತು. ಇತ್ತ ದಕ್ಷಿಣ ಮುಂಬೈಯ ಗಿರಗಾಂವ್‌ನಲ್ಲಿ ಗಂಡನ ದೊಡ್ಡಪ್ಪ ಪಗಡಿ ಖೋಲಿಯಲ್ಲಿ (ಒಮ್ಮೆ ದೊಡ್ಡ ಮೊತ್ತ ಕೊಟ್ಟು ಹಿಡಿದ ಹಳೆಯ ಬಾಡಿಗೆ ಕೋಣೆ) ತಿಂಗಳಿಗೆ ಇನ್ನೂರು ಚಿಲ್ಲರೆ ಕೊಟ್ಟು ಆರಾಮಾಗಿದ್ದಾರೆ. "ಅವರಿಗಿದ್ದ ಕಾನೂನು ನಮಗೇಕಿಲ್ಲ? ಸರ್ಕಾರ ಬಾಡಿಗೆಯನ್ನು ಮತ್ತೆ ಕಟ್ಟಿಹಾಕಬಾರದೇ?" ಇದು ಅವರ ಪ್ರಶ್ನೆ.

ಸೋದರಿ, ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ನೀವು ಕೇಳುವ ಮದ್ದನ್ನು ಈ ಊರು ಒಮ್ಮೆ ಕುಡಿದು ನೋಡಿದೆ. ನಿಮ್ಮ ಇಂದಿನ ತೊಂದರೆಗೆ ಅದರದ್ದೂ ಒಂದು ಪಾಲಿದೆ.

1947ರ ಬಾಂಬೆ ಬಾಡಿಗೆ ಕಾಯ್ದೆ ಹಳೆಯ ಮನೆಗಳ ಬಾಡಿಗೆಯನ್ನು 1940ರ ಸೆಪ್ಟೆಂಬರ್ 1ರ ಮಟ್ಟಕ್ಕೆ ನಿಲ್ಲಿಸಿತು. ಯುದ್ಧಕಾಲದ ತುಟ್ಟಿ, ಆಮೇಲೆ ದೇಶ ವಿಭಜನೆಯಿಂದ ಬಂದ ನಿರಾಶ್ರಿತರು. ಆಗ ಅದು ಬೇಕಾಗಿತ್ತು. ತಪ್ಪಾದದ್ದು ಅದನ್ನು ಅಲ್ಲೇ ಬಿಟ್ಟದ್ದು. ಅಕ್ಕಿ, ಸಿಮೆಂಟು, ಗಾರೆ ಕೆಲಸದವನ ಕೂಲಿ ಎಲ್ಲ ಏರಿತು. ಬಾಡಿಗೆ ಮಾತ್ರ ಏರಲಿಲ್ಲ. ಮಾಲೀಕ ರಿಪೇರಿ ಕೈಬಿಟ್ಟ. ಮಳೆಗಾಲದಲ್ಲಿ ಕಟ್ಟಡ ಕುಸಿಯತೊಡಗಿದವು. 1969ರಲ್ಲಿ ಸರ್ಕಾರವೇ ಸೆಸ್ (ಹೆಚ್ಚುವರಿ ತೆರಿಗೆ) ಹಾಕಿ ರಿಪೇರಿ ಬೋರ್ಡು ಮಾಡಬೇಕಾಯಿತು. ದಕ್ಷಿಣ ಮುಂಬೈಯಲ್ಲಿ 'ಸೆಸ್ ಬಿಲ್ಡಿಂಗ್' ಅನ್ನುವುದು ಇವನ್ನೇ. ನಿಮ್ಮ ದೊಡ್ಡಪ್ಪನವರ ಚಾಳೂ (ಸಾಲುಕೋಣೆಗಳ ವಠಾರ) ಅಂಥದ್ದೇ ಇರಬೇಕು. ಮೆಟ್ಟಿಲಿಗೆ ಮರದ ದಿಮ್ಮಿಯ ಆನಿಕೆ ಕೊಟ್ಟಿದ್ದಾರಾ, ಮುಂದಿನ ಸಲ ಹೋದಾಗ ನೋಡಿ.

ಆ ಕಾಯ್ದೆಯ ಮೇಲೆ ಸುಪ್ರೀಂ ಕೋರ್ಟು 1997ರ ಡಿಸೆಂಬರ್‌ನಲ್ಲಿ ತೀರ್ಪು ಕೊಟ್ಟಿತು. ಕೇಸಿನ ಹೆಸರು ಕೇಳಿದರೆ ಕರಾವಳಿಯವರ ಕಿವಿ ನೆಟ್ಟಗಾದೀತು: ಮಲ್ಪೆ ವಿಶ್ವನಾಥ ಆಚಾರ್ಯ ವಿರುದ್ಧ ಮಹಾರಾಷ್ಟ್ರ ಸರ್ಕಾರ. ಬಾಡಿಗೆಯನ್ನು ಹೀಗೆ ಕಾಲಾಂತರ ನಿಲ್ಲಿಸಿಡುವುದು ಸರಿಯಲ್ಲ ಅಂದಿತು ಕೋರ್ಟು. ಆಮೇಲೆ 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ ಬಂತು. ಅದರಲ್ಲಿ ವರ್ಷಕ್ಕೆ ಶೇ. 4ರಷ್ಟು ಏರಿಸಬಹುದು. ಆದರೆ ಆ ಶೇ. 4ರ ರಕ್ಷಣೆ ದೊಡ್ಡಪ್ಪನಂಥ ಬಾಡಿಗೆದಾರರಿಗೆ. ನಿಮ್ಮದು ಲೀವ್ ಅಂಡ್ ಲೈಸೆನ್ಸ್, ಅಂದರೆ ಗೊತ್ತುಪಡಿಸಿದ ಅವಧಿಗೆ ಇರಲು ಸಿಕ್ಕ ಒಪ್ಪಿಗೆ ಮಾತ್ರ. ಅಲ್ಲಿ ಬಾಡಿಗೆ ಎಷ್ಟು ಅನ್ನುವುದು ಇಬ್ಬರು ಒಪ್ಪಿದ ಮಾತು, ಅಷ್ಟೇ. ಹೀಗೆ ಒಂದೇ ಊರಿನಲ್ಲಿ ಒಬ್ಬರಿಗೆ ಕಾನೂನಿನ ಕೋಟೆ, ಇನ್ನೊಬ್ಬರಿಗೆ ಬಯಲು.

ಹಾಗಾದರೆ ಮಾರುಕಟ್ಟೆಗೇ ಬಿಟ್ಟುಬಿಡೋಣ ಅನ್ನುವವರೂ ಇದ್ದಾರೆ. ಲೆಕ್ಕ ಹಾಕಿ ನೋಡಿ. ಒಂದು ಕೋಟಿ ಬೆಲೆಯ ಮನೆಗೆ ತಿಂಗಳಿಗೆ 25 ಸಾವಿರ ಬಾಡಿಗೆ ಅಂದರೆ ವರ್ಷಕ್ಕೆ 3 ಲಕ್ಷ. ಶೇ. 3 ಆಯಿತು. ಬ್ಯಾಂಕಿನ ಎಫ್‌ಡಿಯಲ್ಲಿ ಅದಕ್ಕಿಂತ ಜಾಸ್ತಿ ಸಿಗುತ್ತದೆ, ನಲ್ಲಿ ಸೋರುತ್ತದೆ ಅಂತ ಫೋನೂ ಬರುವುದಿಲ್ಲ. ಬಾಡಿಗೆಗೆ ಕೊಡಲೆಂದೇ ಬಿಲ್ಡಿಂಗ್ ಕಟ್ಟುವ ಬಿಲ್ಡರ್ ಯಾರಿದ್ದಾನೆ? ಮನೆ ಕೊಂಡವರು ಬೆಲೆ ಏರಲಿ ಅಂತ ಕಾಯುತ್ತಾರೆ. ಬಾಡಿಗೆ ಬಂದರೆ ಬರಲಿ, ಇಲ್ಲದಿದ್ದರೆ ಬೀಗ. 2011ರ ಜನಗಣತಿಯಲ್ಲಿ ಮುಂಬೈಯೊಂದರಲ್ಲೇ ಖಾಲಿ ಬಿದ್ದಿದ್ದ ಮನೆಗಳು ನಾಲ್ಕೂಮುಕ್ಕಾಲು ಲಕ್ಷಕ್ಕೂ ಹೆಚ್ಚು. ಅದೇ ಗಣತಿಯಲ್ಲಿ ಊರಿನ ನೂರಕ್ಕೆ ನಲವತ್ತಕ್ಕೂ ಹೆಚ್ಚು ಜನ ಝೋಪಡಪಟ್ಟಿಯಲ್ಲಿ, ಅಂದರೆ ಕೊಳೆಗೇರಿಯಲ್ಲಿ. ಹತ್ತು ಸಾವಿರಕ್ಕೆ ನೆಟ್ಟಗಿನ ಕೋಣೆ ಕೊಡುವವರು ಇಲ್ಲಿ ತಾನಾಗಿ ಹುಟ್ಟುವುದಿಲ್ಲ. ಯಾರೋ ಲಾಭದ ಆಸೆ ಬಿಟ್ಟು ಕಟ್ಟಬೇಕು.

ಕಟ್ಟಿದ್ದೂ ಉಂಟು. ವರ್ಳಿ, ನಾಯ್ಗಾಂವ್, ಡಿಲೈಲ್ ರೋಡ್, ಶಿವ್ಡಿಯ ಬಿಡಿಡಿ ಚಾಳುಗಳನ್ನು ನೀವು ನೋಡಿರುತ್ತೀರಿ. ಗಿರಣಿ ಕಾರ್ಮಿಕರಿಗೆ ಮನೆಯಿಲ್ಲ ಅಂತ 1920ರಲ್ಲಿ ಗವರ್ನರ್ ಜಾರ್ಜ್ ಲಾಯ್ಡ್ ಕಾಲದಲ್ಲಿ ಅದಕ್ಕೊಂದು ಇಲಾಖೆಯೇ ಆಯಿತು, ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್. ಬಿಡಿಡಿ ಅಂದರೆ ಅದೇ. ದುಡ್ಡು ಎಲ್ಲಿಂದ? ಊರಿಗೆ ಬರುವ ಹತ್ತಿಯ ಪ್ರತಿ ಅಂಡಿಗೆಗೆ ಒಂದು ರೂಪಾಯಿ ಸುಂಕ. ನನಗೆ ಇದು ಬಹಳ ಹಿಡಿಸಿದ ಸಂಗತಿ. ಯಾವ ವ್ಯಾಪಾರಕ್ಕಾಗಿ ಜನ ಊರಿಗೆ ಬಂದರೋ, ಅವರ ಸೂರಿಗೆ ಅದೇ ವ್ಯಾಪಾರದಿಂದ ವಸೂಲಿ! ಒಟ್ಟು 207 ಕಟ್ಟಡ, ಸುಮಾರು 16 ಸಾವಿರ ಕೋಣೆ. ಒಂದೊಂದು ಕೋಣೆ 160 ಚದರಡಿ. ನಡುವೆ ಉದ್ದದ ಓಣಿ, ಎರಡೂ ಕಡೆ ಬಾಗಿಲು, ಕಕ್ಕಸು ಎಲ್ಲರಿಗೂ ಸೇರಿ. ಸ್ವರ್ಗ ಅಂತ ನಾನು ಹೇಳುತ್ತಿಲ್ಲ. ಬಾಡಿಗೆ ಜಾಸ್ತಿ ಅಂತ ಮೊದಮೊದಲು ಎಷ್ಟೋ ಕೋಣೆ ಖಾಲಿಯೇ ಇದ್ದವು. 50 ಸಾವಿರ ಕೋಣೆಯ ಯೋಜನೆ ಅಲ್ಲಿಗೇ ನಿಂತಿತು. ಆದರೂ ತಲೆಮಾರುಗಟ್ಟಲೆ ಜನ ಅಲ್ಲಿ ಹೆದರಿಕೆ ಇಲ್ಲದೆ ಬಾಳಿದರು. ಜೂನ್ ಬಂತು ಅಂತ ಯಾರೂ ಮಗಳ ಶಾಲೆ ಬಿಡಿಸಲಿಲ್ಲ. ಈಗ ಅವುಗಳಲ್ಲಿ ಹೆಚ್ಚಿನವನ್ನು ಕೆಡವಿ 500 ಚದರಡಿಯ ಫ್ಲಾಟ್ ಕಟ್ಟಿ, ಅಲ್ಲಿದ್ದವರಿಗೇ ಸ್ವಂತಕ್ಕೆ ಕೊಡುತ್ತಿದ್ದಾರೆ. ಅವರಿಗೆ ಸಿಗಬೇಕಾದ್ದೇ. ಆದರೆ ನಾಳೆ ಊರಿನಿಂದ ಬಂದಿಳಿಯುವ ಹುಡುಗನಿಗೆ ಸರ್ಕಾರದ ಒಂದು ಬಾಡಿಗೆ ಕೋಣೆಯೂ ಅಲ್ಲಿ ಉಳಿಯುವುದಿಲ್ಲ.

ಅದೇ ಕಾಲದಲ್ಲಿ ವಿಯೆನ್ನಾ ನಗರ 1923ರಲ್ಲಿ ಮನೆ ತೆರಿಗೆ ಹಾಕಿತು. ದೊಡ್ಡ ಮನೆಯವರಿಗೆ ಹೊರೆ ಜಾಸ್ತಿ, ಸಣ್ಣ ಮನೆಯವರಿಗೆ ಕಡಿಮೆ. ಹತ್ತು ಹನ್ನೊಂದು ವರ್ಷದಲ್ಲಿ 60 ಸಾವಿರಕ್ಕೂ ಹೆಚ್ಚು ಮನೆ ಕಟ್ಟಿ ಬಾಡಿಗೆಗೆ ಕೊಟ್ಟಿತು. ಆಮೇಲೆ ಯುದ್ಧ ಬಂತು, ಆಡಳಿತ ಬದಲಾಯಿತು, ಆದರೂ ಕಟ್ಟಿದ್ದನ್ನು ಮಾರಿಕೊಳ್ಳಲಿಲ್ಲ. ಇವತ್ತು ಸುಮಾರು 2 ಲಕ್ಷ 20 ಸಾವಿರ ಫ್ಲಾಟ್ ನಗರಸಭೆಯವೇ. ಲಾಭಕ್ಕೆ ಮಿತಿ ಹಾಕಿಕೊಂಡ ಸಂಸ್ಥೆಗಳ ಮನೆಯೂ ಸೇರಿದರೆ ಊರಿನ ಅರ್ಧದಷ್ಟು ಜನ ಇಂಥ ಮನೆಗಳಲ್ಲೇ ಇದ್ದಾರೆ. ಪಕ್ಕದಲ್ಲಿ ಕಡಿಮೆ ಬಾಡಿಗೆಯ ಒಳ್ಳೆ ಮನೆ ಸಿಗುವಾಗ ಖಾಸಗಿ ಮಾಲೀಕ ಬಾಯಿಗೆ ಬಂದಷ್ಟು ಕೇಳಲಾರ. ನೀವು ಕಾನೂನಿನಿಂದ ಬಯಸುವ ಕೆಲಸವನ್ನು ಅಲ್ಲಿ ಆ ಮನೆಗಳೇ ಅರ್ಧ ಮಾಡಿಕೊಡುತ್ತವೆ.

ನಮ್ಮಲ್ಲಿ ರಾಜ್ಯ ಸರ್ಕಾರದ ವಸತಿ ಸಂಸ್ಥೆ ಮ್ಹಾಡಾ ಇದೆ, ಲಾಟರಿ ಇದೆ. ಆದರೆ ಅದು ಮಾರುವ ಮನೆ. ಸಾಲ ಸಿಗಬೇಕು, ಅದೃಷ್ಟವೂ ಬೇಕು. 2008ರಲ್ಲಿ ಮುಂಬೈ ಮಹಾನಗರ ಅಭಿವೃದ್ಧಿ ಪ್ರಾಧಿಕಾರವಾದ ಎಂಎಂಆರ್‌ಡಿಎ ಬಾಡಿಗೆ ಮನೆ ಯೋಜನೆ ತಂದಿತ್ತು. ಅಲ್ಲಿಯೂ 160 ಚದರಡಿ, ನೋಡಿ, ತೊಂಬತ್ತು ವರ್ಷವಾದರೂ ಬಡವನ ಅಳತೆ ಬದಲಾಗಿಲ್ಲ. ಕೊನೆಗೆ ಪನ್ವೇಲ್ ಹತ್ತಿರದ ಕೋನ್‌ನಲ್ಲಿ ಎರಡೆರಡು ಕೋಣೆ ಜೋಡಿಸಿ ಗಿರಣಿ ಕಾರ್ಮಿಕರಿಗೆ ಮಾರಾಟಕ್ಕೆ ಇಟ್ಟರು. ಯೋಜನೆಯೇ ಮಾರುವ ಮನೆಯ ಕಡೆ ತಿರುಗಿತು. 2020ರ ಲಾಕ್‌ಡೌನ್‌ನಲ್ಲಿ ಕಾರ್ಮಿಕರು ನಡೆದು ಊರು ಸೇರಿದ ಮೇಲೆ ಕೇಂದ್ರವೂ ಅಗ್ಗದ ಬಾಡಿಗೆ ವಸತಿ ಯೋಜನೆ ಪ್ರಕಟಿಸಿತು. ನಿಮ್ಮ ಭಾಂಡುಪಿನಲ್ಲಿ ಅದರ ಸುದ್ದಿ ಇದ್ದರೆ ನನಗೂ ಬರೆಯಿರಿ.

ಲಾಕ್‌ಡೌನ್ ಅಂದಾಗ ಹೋಟೆಲ್ ಹುಡುಗರ ಮಾತು ಬಂತು. ಶಟರ್ ಎಳೆದ ಮೇಲೆ ಟೇಬಲ್ ಜೋಡಿಸಿ ಮಲಗುವುದು, ಬೆಳಗ್ಗೆ ನಾಲ್ಕಕ್ಕೆ ಎದ್ದು ಚಟ್ನಿಗೆ ತೆಂಗಿನಕಾಯಿ ತುರಿಯುವುದು. ಊಟ, ವಸತಿ ಫ್ರೀ ಅಂತ ನಾವೆಲ್ಲ ಹೆಮ್ಮೆಯಿಂದ ಹೇಳುತ್ತೇವೆ. ಆದರೆ ಕೆಲಸ ಹೋದ ದಿನವೇ ಸೂರೂ ಹೋಗುತ್ತದಲ್ವಾ? ಮುಂಬೈಯ ನಮ್ಮ ಕನ್ನಡಿಗರ ಸಂಘಗಳು ಮದುವೆಗೆ ಎಸಿ ಹಾಲ್ ಕಟ್ಟಿವೆ, ಒಳ್ಳೆಯದು. ಮೇಲಿನ ಎರಡು ಮಹಡಿಯನ್ನು ಕೆಲಸಕ್ಕೆ ಬರುವ ಹುಡುಗ ಹುಡುಗಿಯರಿಗೆ ಮಿತ ಬಾಡಿಗೆಗೆ ಕೊಟ್ಟಿದ್ದರೆ? ಇದನ್ನು ಬರೆದರೆ ಕೆಲವು ಪದಾಧಿಕಾರಿಗಳಿಂದ ಫೋನ್ ಬರುತ್ತದೆ ಅಂತ ಗೊತ್ತು. ಬರಲಿ.

ಮನೆ ಕೊಡುವ ನಮ್ಮವರಿಗೂ ಒಂದು ಮಾತು. ಮೀರಾ ರೋಡ್, ಡೊಂಬಿವಲಿಯಲ್ಲಿ ಎರಡನೇ ಫ್ಲಾಟ್ ಮಾಡಿಕೊಂಡವರು ಬಹಳ ಜನ. "ನಮ್ಮ ಜಾತಿಯವರೇ ಆಗಬೇಕು, ಮೀನು ಬೇಯಿಸಬಾರದು, ಒಂಟಿ ಹೆಂಗಸು ಬೇಡ" ಅಂತ ಷರತ್ತು ಹಾಕುವುದರಲ್ಲಿ ನಾವೇನೂ ಹಿಂದಿಲ್ಲ. ಬಾಡಿಗೆ ಎಷ್ಟೇ ನ್ಯಾಯವಾಗಿರಲಿ, ಬಾಗಿಲಲ್ಲೇ ತಡೆದರೆ ಏನು ಬಂತು?

ಇನ್ನು ನಿಮ್ಮ ಜೂನ್ ವಿಚಾರ. ಮಹಾರಾಷ್ಟ್ರದಲ್ಲಿ ಲೀವ್ ಅಂಡ್ ಲೈಸೆನ್ಸ್ ಅಗ್ರಿಮೆಂಟ್ ಎಷ್ಟೇ ತಿಂಗಳಿನದಾಗಲಿ, ಬರಹದಲ್ಲಿರಬೇಕು, ನೋಂದಣಿ ಆಗಬೇಕು. 1999ರ ಕಾಯ್ದೆಯ 55ನೇ ಕಲಮು ಅದು. ನೋಂದಣಿ ಮಾಡಿಸುವ ಹೊಣೆ ಮಾಲೀಕರದ್ದು. ಮಾಡಿಸದಿದ್ದರೆ, ಬೇರೆ ಪುರಾವೆ ಇಲ್ಲದಿರುವಾಗ, ಷರತ್ತಿನ ವಿಷಯದಲ್ಲಿ ನಿಮ್ಮ ಮಾತೇ ನಡೆಯುತ್ತದೆ. ಹೀಗಿರುವಾಗ 11 ತಿಂಗಳ ಅಗ್ರಿಮೆಂಟಿನಿಂದ ಯಾರಿಗೂ ನೋಂದಣಿ ತಪ್ಪುವುದಿಲ್ಲ. ಅದರಿಂದ ಲಾಭ ಬ್ರೋಕರ್‌ಗೆ ಮಾತ್ರ. 60 ತಿಂಗಳವರೆಗೂ ಬರೆಸಬಹುದು. ನೀವು ಮೂರು ವರ್ಷ ಕೇಳಿ, ವರ್ಷಕ್ಕೆ ಶೇ. 5ರ ಏರಿಕೆಯನ್ನು ಮೊದಲೇ ಬರೆಸಿ. ಮೊದಲ ವರ್ಷವಾದರೂ ಎಬ್ಬಿಸಬಾರದು ಅಂತ ಲಾಕ್-ಇನ್ ಹಾಕಿಸಿ. ಸ್ಟ್ಯಾಂಪ್ ಡ್ಯೂಟಿ ಶೇ. 0.25 ಅಷ್ಟೇ. ನಿಮ್ಮ ಬಾಡಿಗೆಗೆ 11 ತಿಂಗಳಿಗೆ ಐನೂರರ ಆಸುಪಾಸು. ನೋಂದಣಿ ಶುಲ್ಕ ಒಂದು ಸಾವಿರ. ಆನ್‌ಲೈನ್‌ನಲ್ಲೇ ಆಗುತ್ತದೆ. ಸೊಸೈಟಿಯವರು ಮಾಲೀಕರಿಂದ ವಸೂಲು ಮಾಡುವ ನಾನ್ ಆಕ್ಯುಪೆನ್ಸಿ ಚಾರ್ಜ್ (ತಾವಿರದೆ ಬಾಡಿಗೆಗೆ ಕೊಟ್ಟದ್ದಕ್ಕೆ) ಸರ್ವಿಸ್ ಚಾರ್ಜಿನ ಶೇ. 10 ಮೀರುವಂತಿಲ್ಲ. ಅದನ್ನು ನಿಮ್ಮ ತಲೆಗೆ ಕಟ್ಟಲು ಬಂದರೆ ಬಿಲ್ ತೋರಿಸಿ ಅನ್ನಿ.

19 ಸಾವಿರ ಅನ್ನುವುದು ಮಾಲೀಕರ ಮೊದಲ ಮಾತು. ಮನೆ ಎರಡು ತಿಂಗಳು ಖಾಲಿ ಬಿದ್ದರೆ ಅವರಿಗೆ 32 ಸಾವಿರ ಖೋತಾ, ಅದು ಅವರಿಗೂ ಗೊತ್ತು. ಮೇ ಮೊದಲ ವಾರದಲ್ಲೇ ಬ್ರೋಕರ್ ಇಲ್ಲದೆ ನೇರವಾಗಿ ಕೂತು ಮಾತಾಡಿ. ಚಂದಾದಾರರು ಅಂದಿರಲ್ಲ, ಅಷ್ಟು ಹೊತ್ತಿಗೆ ಈ ಸಂಚಿಕೆ ಅವರ ಕೈಗೂ ಸೇರಿರುತ್ತದೆ.