ಟೊಮೆಟೊ ಗಾಡಿಗೆ ಶಾರ್ಕ್ ಬಾಯಿ ಬರೆಯಬಹುದೇ?

ಸಂಪಾದಕರ ಉತ್ತರ

ಪ್ರಿಯ ಓದುಗ ಮಿತ್ರರೇ, ನಮಸ್ಕಾರ.

ಕೋಲಾರದಿಂದ ನೀವು ಬರೆದ ನಾಲ್ಕು ಪುಟದ ಪತ್ರ ಕೈ ಸೇರಿತು. ಅಕ್ಷರ ನೋಡಿದ ಕೂಡಲೇ ಇದು ಬೋರ್ಡ್ ಬರೆಯುವವರ ಕೈ ಅಂತ ಗೊತ್ತಾಯಿತು. ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕಿಲ್ಲ. ಆದರೆ ಉಳಿದ ಓದುಗರಿಗೆ ವಿಷಯ ತಿಳಿಯಬೇಕಲ್ಲ, ಅದಕ್ಕೆ ಪತ್ರದಲ್ಲಿರುವುದನ್ನು ಚಿಕ್ಕದಾಗಿ ಹೇಳುತ್ತೇನೆ.

ಅಂತರಗಂಗೆ ಬೆಟ್ಟದ ಬುಡದ ಟೀ ಅಂಗಡಿಯಲ್ಲಿ ನೀವು ಐದಾರು ಜನ ಪ್ರತಿ ಭಾನುವಾರ ಸೇರುತ್ತೀರಿ. ಎಲ್ಲರಿಗೂ ವಿಮಾನದ ಹುಚ್ಚು. ಯಲಹಂಕದ ಏರೋ ಇಂಡಿಯಾ ವಿಮಾನ ಪ್ರದರ್ಶನಕ್ಕೆ ಬುತ್ತಿ ಕಟ್ಟಿಕೊಂಡು ಒಟ್ಟಿಗೆ ಹೋಗಿ ಬಂದವರು. ನಮ್ಮ ಹೋದ ತಿಂಗಳ ಸಂಚಿಕೆಯಲ್ಲಿ ಯುದ್ಧವಿಮಾನಗಳ ಮೂತಿ ಮೇಲೆ ಬರೆದ ಚಿತ್ರಗಳ ಒಂದು ಪುಟ ಬಂದಿತ್ತು. ಅದನ್ನು ನೋಡಿ ನಿಮ್ಮ ಗುಂಪಿನ ಹುಡುಗನೊಬ್ಬ, ಮಂಡಿಗೆ ಟೊಮೆಟೊ ಸಾಗಿಸುವ ಪಿಕಪ್ ಇಟ್ಟುಕೊಂಡವನು, "ಅಣ್ಣಾ, ನನ್ನ ಗಾಡಿ ಮುಂದೆ ಈ ಶಾರ್ಕ್ ಬಾಯಿ ಬರೆದುಕೊಡಿ" ಅಂದ. ಪಕ್ಕದಲ್ಲಿ ಕೂತಿದ್ದ ಹಿರಿಯರಿಗೆ ಸಿಟ್ಟು ಬಂತು. ಅವರು ಬೆಂಗಳೂರಿನ ವಿಮಾನ ಕಾರ್ಖಾನೆಗೆ ಮೂವತ್ತು ವರ್ಷಕ್ಕೂ ಜಾಸ್ತಿ ರೈಲಿನಲ್ಲಿ ಓಡಾಡಿ ನಿವೃತ್ತರಾದವರು. "ಅನ್ನ ಹೊರುವ ಗಾಡಿಗೆ ಕೊಲ್ಲುವ ಯಂತ್ರದ ಮುಖ ಯಾಕೆ?" ಅಂದರು. ಮಾತು ಹಿರೋಷಿಮಾಕ್ಕೆ ಹೋಯಿತು, ಉಕ್ರೇನಿಗೆ ಹೋಯಿತು, ನಮ್ಮ ತೇಜಸ್ ಯುದ್ಧವಿಮಾನದ ಎಂಜಿನ್ನಿಗೆ ಹೋಯಿತು. ಕೊನೆಗೆ ಇಬ್ಬರೂ ಮಾತು ಬಿಟ್ಟರು. ಎರಡು ಭಾನುವಾರದಿಂದ ಹಿರಿಯರು ಟೀ ಅಂಗಡಿ ಕಡೆ ಬಂದಿಲ್ಲ. ಬ್ರಷ್ ಹಿಡಿದು ನಡುವೆ ನಿಂತ ನೀವು ಕೇಳಿರುವ ಮುಖ್ಯ ಪ್ರಶ್ನೆ: "ಬರೆಯಲೋ, ಬೇಡವೋ?"

ಬರೆಯಿರಿ ಅಂತಲೇ ನನ್ನ ಉತ್ತರ. ಆದರೆ ಅದಕ್ಕೆ ಮುಂಚೆ ನಮ್ಮ ತಪ್ಪು ಒಪ್ಪಿಕೊಳ್ಳಬೇಕು. ಆ ಪುಟದಲ್ಲಿ ನಾವು ಎಂಟು ಫೋಟೋ ಹಾಕಿದ್ದೆವು. ಪ್ರತಿಯೊಂದರ ಕೆಳಗೂ ಒಂದೇ ಸಾಲು. ಬಣ್ಣ ಹೊಗಳಿದೆವು, ಗೆರೆ ಹೊಗಳಿದೆವು. ಆ ವಿಮಾನ ಎಲ್ಲಿಗೆ ಹೋಯಿತು, ಏನು ಮಾಡಿತು, ಆ ಚಿತ್ರ ಬರೆದ ಕೈ ಯಾರದು, ಒಂದನ್ನೂ ಹೇಳಲಿಲ್ಲ. ನಿಮ್ಮ ಹಿರಿಯರಿಗೂ ಹುಡುಗನಿಗೂ ಜಗಳ ಹತ್ತಿದ್ದು ಅಲ್ಲಿ, ನಾವು ಬಿಟ್ಟ ಜಾಗದಲ್ಲಿ. ಆಗ ಬರೆಯದೇ ಬಿಟ್ಟದ್ದನ್ನು ಈಗ ಬರೆಯುತ್ತೇನೆ.

ಹುಡುಗ ಕೇಳಿದ ಶಾರ್ಕ್ ಬಾಯಿಯ ಕಥೆಯಿಂದ ಶುರು ಮಾಡೋಣ. ಅದನ್ನು ಎಲ್ಲರೂ ಅಮೆರಿಕದ 'ಫ್ಲೈಯಿಂಗ್ ಟೈಗರ್ಸ್' ಗುರುತು ಅಂದುಕೊಂಡಿದ್ದಾರೆ. ಎರಡನೇ ಮಹಾಯುದ್ಧದಲ್ಲಿ ಚೀನಾ ಪರವಾಗಿ ಜಪಾನಿನ ವಿರುದ್ಧ ಹಾರಿದ ಅಮೆರಿಕನ್ ಹುಡುಗರ ದಳ ಅದು. ತರಬೇತಿ ಆಗಿದ್ದು ಬರ್ಮಾದಲ್ಲಿ. ಅವರ ಪಿ-40 ವಿಮಾನಗಳ ಮೂತಿಯಲ್ಲಿ ಬಾಯಿ ತೆರೆದ ಶಾರ್ಕ್ ಇತ್ತು. ಆದರೆ ಆ ಚಿತ್ರ ಅವರು ಹುಟ್ಟಿಸಿದ್ದಲ್ಲ. 1941ರಲ್ಲಿ ಪತ್ರಿಕೆಯೊಂದರಲ್ಲಿ ಬಂದ ಫೋಟೋ ನೋಡಿ ಅವರು ಬರೆದುಕೊಂಡರು. ಆ ಫೋಟೋದಲ್ಲಿದ್ದದ್ದು ಉತ್ತರ ಆಫ್ರಿಕಾದ ಮರುಭೂಮಿಯಲ್ಲಿ ಹಾರುತ್ತಿದ್ದ ಬ್ರಿಟಿಷರ 112ನೇ ಸ್ಕ್ವಾಡ್ರನ್ನಿನ ವಿಮಾನ. ಬ್ರಿಟಿಷರು ಅದನ್ನು ತೆಗೆದುಕೊಂಡದ್ದು ಯಾರಿಂದ ಗೊತ್ತೇ? ಶತ್ರುವಿನಿಂದಲೇ. ಜರ್ಮನಿಯ ಮೆಸ್ಸರ್‌ಶ್ಮಿಟ್ 110 ವಿಮಾನಗಳ ಒಂದು ದಳ ಈ ಬಾಯಿ ಬರೆದುಕೊಂಡು ಹಾರುತ್ತಿತ್ತು. ಹಿಟ್ಲರನ ವಿಮಾನದ ಬಾಯಿ ಅವನ ವಿರೋಧಿಗಳ ವಿಮಾನಕ್ಕೆ ಬಂತು, ಅಲ್ಲಿಂದ ಚೀನಾಕ್ಕೆ ಹೋಯಿತು. ಅಮೆರಿಕದ ಎ-10 ವಿಮಾನಗಳ ಮೂತಿಯಲ್ಲಿ ಅದು ಇವತ್ತಿಗೂ ಇದೆ.

ಪತ್ರಿಕೆ ನಡೆಸುವವನಾಗಿ ಇದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತು. ಯಾರೋ ಸಂಪಾದಕ ಒಂದು ಫೋಟೋ ಆರಿಸಿ ಹಾಕಿದ. ಅದು ಸಾವಿರಾರು ಮೈಲಿ ದೂರದ ಹುಡುಗರ ಕಣ್ಣಿಗೆ ಬಿತ್ತು. ಅವರು ಅದನ್ನು ಬರೆದುಕೊಂಡು ಯುದ್ಧಕ್ಕೆ ಹೋದರು. ಈಗ ನಮ್ಮ ಪುಟ ನೋಡಿ ಕೋಲಾರದ ಪಿಕಪ್‌ಗೆ ಅದೇ ಬಾಯಿ ಬೇಕು ಅನ್ನುತ್ತಿದ್ದಾನೆ ನಿಮ್ಮ ಹುಡುಗ. ಎಂಬತ್ತು ವರ್ಷ ಕಳೆದರೂ ದಾರಿ ಮಾತ್ರ ಅದೇ.

ಒಂದು ಮಾತು ಹುಡುಗನ ಪರವಾಗಿ ಹೇಳಬೇಕು. ಹಲ್ಲು ಕಿರಿದ ಮುಖ ನಮಗೇನು ಹೊಸದಲ್ಲ. ಕಟ್ಟುತ್ತಿರುವ ಮನೆ ಮುಂದೆ ದೃಷ್ಟಿ ಬೊಂಬೆ ಕಟ್ಟುತ್ತೇವೆ. ಲಾರಿ ಹಿಂದೆ ಕೋರೆಹಲ್ಲಿನ ರಾಕ್ಷಸನನ್ನು ಬರೆಸುತ್ತೇವೆ. ನೀವೇ ಇಂಥ ನೂರು ಮುಖ ಬರೆದಿರುತ್ತೀರಿ. ಕೆಟ್ಟದ್ದು ದೂರ ಹೋಗಲಿ, ನಮ್ಮವರು ಕ್ಷೇಮವಾಗಿ ಮನೆಗೆ ಬರಲಿ ಅನ್ನುವ ಆಸೆ ಅದರಲ್ಲಿದೆ. ಇಪ್ಪತ್ತು ವರ್ಷದ ಪೈಲಟ್ ಹುಡುಗರೂ ಇದನ್ನೇ ಬಯಸಿದ್ದರು.

ಇನ್ನು ಹಿರಿಯರ ಮಾತಿಗೆ ಬರುತ್ತೇನೆ. ಅವರು ಹಿರೋಷಿಮಾ ಹೆಸರು ಎತ್ತಿದ್ದು ಸರಿಯಾಗಿಯೇ ಇದೆ.

ನಮ್ಮ ಕಡೆ ಲಾರಿಗಳ ನೆತ್ತಿ ಮೇಲೆ 'ತಾಯಿಯ ಆಶೀರ್ವಾದ' ಅಂತ ಬರೆಸುತ್ತಾರೆ ಅಲ್ವಾ? 1945ರ ಆಗಸ್ಟ್ 5ರಂದು ಪೈಲಟ್ ಪಾಲ್ ಟಿಬೆಟ್ಸ್ ತನ್ನ ಬಿ-29 ವಿಮಾನದ ಮೂತಿ ಮೇಲೆ ತಾಯಿಯ ಹೆಸರು ಬರೆಸಿದ. ಎನೋಲಾ ಗೇ. ಚಿತ್ರವಿಲ್ಲ, ಬಣ್ಣವಿಲ್ಲ, ಬರೀ ಅಕ್ಷರ. ಮಾರನೇ ದಿನ ಬೆಳಿಗ್ಗೆ ಆ ವಿಮಾನ ಹಿರೋಷಿಮಾ ಮೇಲೆ ಅಣುಬಾಂಬ್ ಹಾಕಿತು. ಆ ಬಾಂಬಿಗೆ ಇಟ್ಟಿದ್ದ ಹೆಸರು 'ಲಿಟಲ್ ಬಾಯ್', ಅಂದರೆ ಪುಟ್ಟ ಹುಡುಗ. ಆ ವರ್ಷ ಮುಗಿಯುವಷ್ಟರಲ್ಲಿ ಸುಮಾರು 1,40,000 ಜನ ಸತ್ತರು ಅಂತ ಅಂದಾಜು. ಅವರಲ್ಲಿ ಎಷ್ಟು ತಾಯಂದಿರು, ಎಷ್ಟು ಪುಟ್ಟ ಹುಡುಗರು. ಈ ಎರಡು ಹೆಸರುಗಳನ್ನು ಒಟ್ಟಿಗೆ ಹೇಳುವಾಗ ನನಗೆ ಈಗಲೂ ಗಂಟಲು ಕಟ್ಟುತ್ತದೆ. ಅಮ್ಮನ ಹೆಸರು ಬರೆಸಿದವನ ಪ್ರೀತಿ ಸುಳ್ಳಲ್ಲ. ಕೆಳಗೆ ಸುಟ್ಟವರೂ ಸುಳ್ಳಲ್ಲ.

ನೀವು ಟೀ ಅಂಗಡಿಯಲ್ಲಿ ಆಡಿದ ಜಗಳವನ್ನೇ ಅಮೆರಿಕ 1995ರಲ್ಲಿ ಆಡಿತು. ಎನೋಲಾ ಗೇಯ ಮುಂಭಾಗವನ್ನು ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ಮ್ಯೂಸಿಯಂನಲ್ಲಿ ಇಡಬೇಕಿತ್ತು. ವಿಮಾನದ ಜೊತೆ ಹಿರೋಷಿಮಾದ ಜನರಿಗೆ ಏನಾಯಿತು ಅನ್ನುವುದನ್ನೂ ತೋರಿಸಲು ಮ್ಯೂಸಿಯಂ ಹೊರಟಿತು. ಮಾಜಿ ಸೈನಿಕರು ಬೇಡವೆಂದರು, ರಾಜಕಾರಣಿಗಳು ಸೇರಿಕೊಂಡರು. ಕೊನೆಗೆ ಹಿರೋಷಿಮಾದ ಜನರ ಕಥೆ ಕೈಬಿಟ್ಟು ವಿಮಾನವನ್ನು ಇಟ್ಟರು. ಮ್ಯೂಸಿಯಂ ನಿರ್ದೇಶಕರು ರಾಜೀನಾಮೆ ಕೊಟ್ಟರು. ವಿಮಾನ ನೋಡಲು ಬಂದವರಿಗೆ ಕೆಳಗಿನ ಊರನ್ನು ತೋರಿಸಬೇಕೋ ಬೇಡವೋ ಅನ್ನುವುದೇ ಅಲ್ಲಿನ ಜಗಳ. ತೋರಿಸಬೇಕು ಅಂತ ನನ್ನ ಅಭಿಪ್ರಾಯ. ನಮ್ಮ ಪುಟದಲ್ಲೂ ತೋರಿಸಬೇಕಿತ್ತು.

ಈಗ ನಿಮ್ಮ ಕಸುಬಿನವರ ವಿಷಯ. ನಿಮ್ಮ ಪತ್ರದಲ್ಲಿ ಫ್ಲೆಕ್ಸ್ ಬಂದ ಮೇಲೆ ಕೆಲಸ ಕಮ್ಮಿಯಾಯಿತು ಅಂತ ಒಂದು ಸಾಲು ಇತ್ತು. ಅದನ್ನು ಓದಿ ನನಗೆ ಟೋನಿ ಸ್ಟಾರ್ಸರ್ ನೆನಪಾದ. ಇಂಗ್ಲೆಂಡಿನ ಒಂದು ಬಾಂಬರ್ ನೆಲೆಯಲ್ಲಿದ್ದ ಅಮೆರಿಕನ್ ಸೈನಿಕ ಆತ. ನೂರಕ್ಕೂ ಹೆಚ್ಚು ವಿಮಾನಗಳ ಮೂತಿಗೆ ಚಿತ್ರ ಬರೆದ. 'ಮೆಂಫಿಸ್ ಬೆಲ್' ಅನ್ನುವ ಬಿ-17 ಬಾಂಬರ್ ಜಗತ್ತಿಗೆಲ್ಲ ಗೊತ್ತು. ಅದರ ಮೇಲಿನ ಹುಡುಗಿಯ ಚಿತ್ರವೂ ಇವನದೇ ಕೈ. ಅದನ್ನೂ ಒಂದು ಪತ್ರಿಕೆಯಲ್ಲಿ ಬಂದ ಚಿತ್ರ ನೋಡಿಯೇ ಬರೆದದ್ದು.

ಆ ನೆಲೆಗಳಲ್ಲಿ ವಿಮಾನ ಒಂದೊಂದು ದಾಳಿ ಮುಗಿಸಿ ಬಂದಾಗಲೂ ಮೂತಿ ಮೇಲೆ ಒಂದು ಪುಟ್ಟ ಬಾಂಬಿನ ಗುರುತು ಬರೆಯುತ್ತಿದ್ದರು. ಮೆಂಫಿಸ್ ಬೆಲ್‌ನ ಹತ್ತು ಜನ 1943ರ ಮೇ ತಿಂಗಳಲ್ಲಿ 25 ದಾಳಿ ಮುಗಿಸಿ ಮನೆಗೆ ಹೋದರು. ಎಲ್ಲರಿಗೂ ಆ ಅದೃಷ್ಟ ಇರಲಿಲ್ಲ. ಅವರು ಸೇರಿದ್ದ ಅಮೆರಿಕದ ಎಂಟನೇ ವಾಯುಪಡೆಯೊಂದರಲ್ಲೇ 26,000ಕ್ಕೂ ಹೆಚ್ಚು ಜನ ಸತ್ತರು. ಸಂಜೆ ಬಣ್ಣದ ಡಬ್ಬಿ ಇಟ್ಟುಕೊಂಡು ಆಕಾಶ ನೋಡುತ್ತಾ ನಿಂತವನನ್ನು ಯೋಚಿಸಿ. ವಿಮಾನ ಬಂದರೆ ಇನ್ನೊಂದು ಗುರುತು ಬರೆಯಬೇಕು. ಬರದಿದ್ದರೆ ಅವನು ಬರೆದ ಚಿತ್ರವೂ ಹೋಯಿತು, ಅದನ್ನು ಬರೆಸಿಕೊಂಡವರೂ ಹೋದರು. ಯುದ್ಧ ಮುಗಿದ ಮೇಲೆ ಉಳಿದವನ್ನು ಗುಜರಿಗೆ ಹಾಕಿದರು. ಅಮೆರಿಕದ ಅರ್ಕಾನ್ಸಾಸ್‌ನ ಒಂದು ಗುಜರಿ ಅಂಗಳದಲ್ಲಿ ಮ್ಯಾನೇಜರ್ ಒಬ್ಬ, ಚಿತ್ರ ಇರುವ ತಗಡನ್ನು ಕೊಡಲಿಯಲ್ಲಿ ಕಡಿಸಿ ಎತ್ತಿಟ್ಟ. ಅವು ಈಗಲೂ ಉಳಿದಿವೆ. ನಿಮ್ಮ ಕೆಲಸ ಎಲ್ಲಿ ಉಳಿಯುತ್ತದೆ ಅಂತ ಕೇಳಿದ್ದಿರಲ್ಲ, ಯಾರಾದರೂ ಒಬ್ಬರು ಎತ್ತಿಟ್ಟರೆ ಉಳಿಯುತ್ತದೆ.

ಇನ್ನೊಂದು ವಿಷಯ ನಿಮ್ಮ ಗುಂಪಿನಲ್ಲಿ ಎಷ್ಟು ಜನಕ್ಕೆ ಗೊತ್ತಿದೆಯೋ! ಇವೆಲ್ಲ ದೂರದ ಕಥೆ ಅಲ್ಲ. ನಿಮ್ಮ ಕೋಲಾರದಲ್ಲೇ ಯುದ್ಧಕಾಲದ ಬಾಂಬರ್ ನೆಲೆ ಇತ್ತು. ಬ್ರಿಟಿಷ್ ವಾಯುಪಡೆಯ 358ನೇ ಸ್ಕ್ವಾಡ್ರನ್ ಹುಟ್ಟಿದ್ದು 1944ರ ನವೆಂಬರ್ 8ರಂದು, ಕೋಲಾರದಲ್ಲಿ. ನಾಲ್ಕು ಎಂಜಿನ್ನಿನ ಲಿಬರೇಟರ್ ವಿಮಾನಗಳು ಅವರವು. ಮುಂದಿನ ಜನವರಿಯಲ್ಲಿ ಆ ಸ್ಕ್ವಾಡ್ರನ್ ಬರ್ಮಾದ ಮಂಡಲೆ ಮೇಲೆ ಬಾಂಬ್ ಹಾಕಿತು. ಅದೊಂದೇ ಸಲ. ಆಮೇಲೆ ಅದರ ಕೆಲಸವೇ ಬದಲಾಯಿತು. ಜಪಾನಿನ ಹಿಡಿತದಲ್ಲಿದ್ದ ನಾಡುಗಳಲ್ಲಿ ಗೂಢಚಾರರನ್ನೂ ಸಾಮಾನುಗಳನ್ನೂ ಪ್ಯಾರಾಚೂಟಿನಲ್ಲಿ ಇಳಿಸುವುದು.

ಆಗ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ (ಎಚ್‌ಎಎಲ್) ಅಮೆರಿಕನ್ ಸೇನೆಯ ರಿಪೇರಿ ಅಂಗಳವಾಗಿತ್ತು. ಯುದ್ಧ ಮುಗಿದಾಗ ಲಿಬರೇಟರ್‌ಗಳನ್ನು ಕಾನ್ಪುರದಲ್ಲಿ ಗುಡ್ಡೆ ಹಾಕಿದರು. ಮತ್ತೆ ಯಾರೂ ಹಾರಿಸಬಾರದು ಅಂತ ಬೇಕೆಂದೇ ಒಡೆದು ಹಾಕಿದ್ದರು. ಸ್ವಾತಂತ್ರ್ಯ ಬಂದ ಮೇಲೆ ನಮ್ಮವರು ಆ ಗುಜರಿಯಿಂದ ಒಂದೊಂದನ್ನೇ ಅಲ್ಲೇ ತೇಪೆ ಹಾಕಿದರು. ಎಚ್‌ಎಎಲ್‌ನ ಪೈಲಟ್ ಜಮ್‌ಶೆಡ್ ಮುನ್ಷಿ ಅವನ್ನು ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಇಲ್ಲಿ ಪೂರ್ತಿ ರಿಪೇರಿ ಆಯಿತು. ಅವು 1968ರವರೆಗೆ ಭಾರತದ ವಾಯುಪಡೆಯಲ್ಲಿ ಹಾರಿದವು. ನಿಮ್ಮ ಹಿರಿಯರು ರೈಲಿನಲ್ಲಿ ಹೋಗಿ ಬಂದದ್ದು ಇಂಥ ಕೈಗಳು ಕೆಲಸ ಮಾಡಿದ ಊರಿಗೆ. ಹುಡುಗ ಅವರ ಹತ್ತಿರ ಇದನ್ನೆಲ್ಲ ಕೇಳಬೇಕು.

ಎಂಜಿನ್ ಜಗಳದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹಿರಿಯರು ಕೆಲಸಕ್ಕೆ ಸೇರಿದ ಹೊಸದರಲ್ಲಿ ಎಚ್‌ಎಎಲ್‌ನ ಮರುತ್ ಯುದ್ಧವಿಮಾನಕ್ಕೆ ರಿವೆಟ್ ಹೊಡೆದಿದ್ದಾರೆ ಅಂತ ಬರೆದಿದ್ದೀರಿ. ಹಾಗಾದರೆ ಅವರ ನೋವು ನನಗೆ ಅರ್ಥವಾಗುತ್ತದೆ. ಅದನ್ನು ರೂಪಿಸಿದ ಕುರ್ಟ್ ಟ್ಯಾಂಕ್, ಹಿಟ್ಲರನ ಕಾಲದಲ್ಲಿ ಫೋಕೆ-ವುಲ್ಫ್ 190 ಯುದ್ಧವಿಮಾನ ಮಾಡಿದ ಜರ್ಮನ್. 1961ರ ಜೂನ್ 17ರಂದು ಮರುತ್ ಮೊದಲ ಸಲ ಬೆಂಗಳೂರಿನಲ್ಲಿ ಹಾರಿತು. ಶಬ್ದದ ಎರಡು ಪಟ್ಟು ವೇಗ ಅದರ ಗುರಿ. ಅದಕ್ಕೆ ಬೇಕಾದ ಎಂಜಿನ್ ಬ್ರಿಟನ್ನಿನಿಂದ ಸಿಗಲಿಲ್ಲ, ಈಜಿಪ್ಟ್ ಜೊತೆಗಿನ ಪ್ರಯತ್ನವೂ ದಡ ಸೇರಲಿಲ್ಲ. ಇವತ್ತಿನ ತೇಜಸ್ ಎಂಜಿನ್ನೂ ಅಮೆರಿಕದ್ದೇ. ಬಣ್ಣ ನಮ್ಮದು, ಎಂಜಿನ್ ಇನ್ನೊಬ್ಬರದು ಅನ್ನುವ ಸಂಕಟ ಅವರದು. ಅದನ್ನು ಹುಡುಗನ ಪಿಕಪ್ ಮೇಲೆ ಹಾಕುವುದು ಬೇಡ ಅಂತ ಮಾತ್ರ ಅವರಿಗೆ ನನ್ನ ವಿನಂತಿ. ಬೆಂಗಳೂರಿನ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ಒಂದು ಮರುತ್ ನಿಂತಿದೆ. ಇಬ್ಬರೂ ಒಟ್ಟಿಗೆ ಹೋಗಿ ಅದರ ಮುಂದೆ ನಿಲ್ಲಲಿ.

ಉಕ್ರೇನ್ ವಿಷಯದಲ್ಲಿ ಹುಡುಗ "ಅಲ್ಲಿಯ ಯುದ್ಧ ಅಲ್ಲಿ, ನಮಗೇನು" ಅಂದನಂತೆ. ಅದು ಸರಿಯಲ್ಲ. ನಾವು ತರಿಸುತ್ತಿದ್ದ ಸೂರ್ಯಕಾಂತಿ ಎಣ್ಣೆಯಲ್ಲಿ ಹೆಚ್ಚಿನ ಪಾಲು ಉಕ್ರೇನಿನದು. 2022ರಲ್ಲಿ ಅಲ್ಲಿ ಬಾಂಬ್ ಬಿದ್ದಾಗ ಇಲ್ಲಿ ಬೋಂಡಾ ಕರಿಯುವವರ ಬಾಣಲೆಗೆ ಬಿಸಿ ತಟ್ಟಿತು. ಗೊಬ್ಬರದ ಬೆಲೆಯೂ ಏರಿತು, ಟೊಮೆಟೊ ಹಾಕುವವರ ಜೊತೆ ವ್ಯಾಪಾರ ಮಾಡುವ ಅವನಿಗೆ ಅದು ಗೊತ್ತಿರಬೇಕು.

ಕೊನೆಗೆ, ಗುರುತೇ ಸಿಗದೆ ಹೋದ ಒಬ್ಬರ ಕಥೆ. ನಮ್ಮ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ 1965ರ ಯುದ್ಧದಲ್ಲಿ, ಸೆಪ್ಟೆಂಬರ್ 7ರಂದು, ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋದರು. ಅವರದು ಹಳೆಯ ಮಿಸ್ಟೇರ್ ವಿಮಾನ. ಎದುರು ಬಂದದ್ದು ಪಾಕಿಸ್ತಾನದ ತುಂಬಾ ವೇಗದ ಸ್ಟಾರ್‌ಫೈಟರ್ ವಿಮಾನ. ಅದನ್ನು ಹೊಡೆದು ಉರುಳಿಸಿದರು, ತಾವೂ ಮರಳಲಿಲ್ಲ. ಇಲ್ಲಿ ಯಾರಿಗೂ ಏನಾಯಿತೆಂದು ತಿಳಿಯಲಿಲ್ಲ. ಅವರಿಗೆ ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷದ ಮೇಲೆ. ಗೆದ್ದ ಗುರುತು ಬರೆಯೋಣವೆಂದರೆ ವಿಮಾನವೇ ಇರಲಿಲ್ಲ.

ಆದ್ದರಿಂದ ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಮೊದಲು ಹುಡುಗನನ್ನು ಕರೆದುಕೊಂಡು ಹಿರಿಯರ ಮನೆಗೆ ಹೋಗಿ. ಈ ಉತ್ತರ ಓದಿ ಹೇಳಿ. ಕೋಲಾರದ ಲಿಬರೇಟರ್ ಸಂಗತಿ ಬಂದಾಗ ಅವರು ಸುಮ್ನೆ ಕೂರುವವರಲ್ಲ ಅಂತ ನನಗೆ ನಂಬಿಕೆ ಇದೆ. ಅವರು ಒಪ್ಪಿದ ಮೇಲೆ ಬರೆಯಿರಿ. ಒಪ್ಪದಿದ್ದರೆ ಇನ್ನೊಂದು ಭಾನುವಾರ ಕಾಯಿರಿ. ಫ್ಲೆಕ್ಸ್ ಸ್ಟಿಕ್ಕರ್ ಬೇಡ, ಎನಾಮಲ್ ಪೇಂಟಿನಲ್ಲಿ ಕೈಯಾರೆ ಬರೆಯಿರಿ.

ಬಣ್ಣ ಒಣಗಿದ ಮೇಲೆ, ಬಾಕ್ಸ್ ತುಂಬಿಕೊಂಡು ಮಂಡಿಗೆ ಹೊರಟ ಗಾಡಿಯ ಒಂದು ಫೋಟೋ ಕಳಿಸಿ. ಹಾಕುತ್ತೇವೆ. ಆ ಬಾಯಿ ಎಲ್ಲೆಲ್ಲಿ ಸುತ್ತಿ ಕೋಲಾರಕ್ಕೆ ಬಂತು ಅಂತ ಕೆಳಗೆ ಪೂರ್ತಿ ಬರೆಯುತ್ತೇವೆ. ಆ ಸಲ ಮಾತ್ರ ನಿಮ್ಮ ಹೆಸರು ಹಾಕಲು ಒಪ್ಪಿಗೆ ಕೊಡಿ.

ನಿಮ್ಮ,
ಸಂಪಾದಕ