ಮಾವನವರಿಗೆ ಹೇಳಿ ಹೇಳಿ ಸಾಕಾಗಿದೆ ಡಾಕ್ಟ್ರೇ

ಪ್ರಶ್ನೆ: ನಮ್ಮ ಮಾವನವರಿಗೆ 62 ವರ್ಷ. ಶುಗರ್ ಬಂದು 14 ವರ್ಷವಾಯಿತು. ಹೋದ ತಿಂಗಳು ಕ್ರಿಯಾಟಿನಿನ್ 1.8 ಬಂದಿದೆ, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯಂತೆ. ಡಾಕ್ಟರು ‘ಪಥ್ಯ ಮಾಡಿ, ಬಿಪಿ ನೋಡ್ಕೊಳ್ಳಿ’ ಅಂತ ಚೀಟಿ ಬರೆದುಕೊಟ್ಟರು. ಸಾರಿಗೆ ಉಪ್ಪು ಕಡಿಮೆ ಹಾಕಿದರೆ ತಟ್ಟೆ ತಳ್ಳುತ್ತಾರೆ. ಮಂಡಿ ನೋವು ಅಂದರೆ ಅಂಗಡಿಯಿಂದ ಮಾತ್ರೆ ತಂದು ನುಂಗುತ್ತಾರೆ. ನಾನು ಬಾಯಿ ಬಿಟ್ಟರೆ ಮನೆಯಲ್ಲಿ ಜಗಳ. ಏನು ಮಾಡಲಿ?
– ಓದುಗರು, ಶ್ರೀನಿವಾಸಪುರ ತಾಲ್ಲೂಕು

ಉತ್ತರ: ಹೇಳುವುದನ್ನು ಸ್ವಲ್ಪ ದಿನ ನಿಲ್ಲಿಸಿ ತಾಯಿ. ಹದಿನಾಲ್ಕು ವರ್ಷದಿಂದ ಎಲ್ಲರೂ ಅವರಿಗೆ ಹೇಳುತ್ತಲೇ ಇದ್ದಾರೆ. ಅವರ ಕೈಯಲ್ಲಿ ಮಾಡಿಸಿದವರು ಯಾರೂ ಇದ್ದಂತಿಲ್ಲ.

ಮೊದಲು ಆ ಅಂಕಿಯ ಅರ್ಥ. ಕ್ರಿಯಾಟಿನಿನ್ ಅನ್ನುವುದು ಕಿಡ್ನಿ ಸೋಸಿ ಹೊರಹಾಕಬೇಕಾದ ರಕ್ತದ ಕಸ. ಆ ವಯಸ್ಸಿನ ಗಂಡಸಿಗೆ ಅದು 1.8 ಅಂದರೆ ಕಿಡ್ನಿ ಸೋಸುವ ಲೆಕ್ಕ, ಅಂದರೆ ಇಜಿಎಫ್‌ಆರ್, ಸುಮಾರು 42. ಡಯಾಲಿಸಿಸ್ ಮಾತು ಸಾಮಾನ್ಯವಾಗಿ ಬರುವುದು ಅದು 15ಕ್ಕಿಂತ ಕೆಳಗೆ ಇಳಿದ ಮೇಲೆ. ಹೋದ ಶಕ್ತಿ ವಾಪಸ್ ಬರುವುದು ಕಷ್ಟ, ಆದರೆ ಇಳಿಯುವ ವೇಗವನ್ನು ತಗ್ಗಿಸಬಹುದು. ಇದನ್ನು ಮಾವನವರಿಗೇ ನೇರವಾಗಿ ತಿಳಿಸಬೇಕು. ಮನೆಯವರೆಲ್ಲ ಗುಟ್ಟಾಗಿ ಮಾತಾಡಿಕೊಂಡು ಅವರ ಮುಂದೆ ಮುಖ ಸಪ್ಪಗೆ ಮಾಡಿಕೊಂಡರೆ, ಅವರು ಇನ್ನೂ ಹಟ ಹಿಡಿಯುತ್ತಾರೆ.

ಇನ್ನು ಉಪ್ಪು. ದಿನಕ್ಕೆ 5 ಗ್ರಾಂ ಮೀರಬಾರದು, ಅಂದರೆ ಒಂದು ಟೀ ಚಮಚ. ಬೆಳಿಗ್ಗೆ ಒಂದು ಸಣ್ಣ ಡಬ್ಬಿಗೆ ಅವರೇ ತಮ್ಮ ಕೈಯಿಂದ ಒಂದು ಚಮಚ ಉಪ್ಪು ಅಳೆದು ಹಾಕಿಕೊಳ್ಳಲಿ. ಅವರ ಪಾಲಿನ ಸಾರನ್ನು ಉಪ್ಪು ಹಾಕುವ ಮೊದಲೇ ನೀವು ಬೇರೆ ತೆಗೆದಿಡಿ. ಊಟಕ್ಕೆ ಕೂತಾಗ ಡಬ್ಬಿಯಿಂದ ಬೇಕಾದಷ್ಟು ಅವರೇ ಬೆರೆಸಿಕೊಳ್ಳಲಿ. ಉಪ್ಪಿನಕಾಯಿ, ಹಪ್ಪಳ ಬೇಕೆಂದರೆ ಡಬ್ಬಿಯಿಂದ ಅರ್ಧ ತೆಗೆದುಬಿಡಿ. ಮಧ್ಯಾಹ್ನಕ್ಕೇ ಡಬ್ಬಿ ಖಾಲಿಯಾದರೆ ರಾತ್ರಿ ಯಾರ ಮೇಲೆ ರೇಗುವುದು? ನಾಲ್ಕೈದು ದಿನ ಗೊಣಗಾಡುತ್ತಾರೆ. ಕೆಲವು ವಾರಗಳಲ್ಲಿ ನಾಲಿಗೆ ಒಗ್ಗಿಕೊಳ್ಳುತ್ತದೆ. ನಿಂಬೆ ರಸ, ಹಸಿ ಮೆಣಸಿನಕಾಯಿ, ಬೆಳ್ಳುಳ್ಳಿ ಒಗ್ಗರಣೆ ಸಹಾಯಕ್ಕೆ ಬರುತ್ತವೆ. ಒಂದು ಎಚ್ಚರಿಕೆ: ಬಿಪಿಗೆ ಒಳ್ಳೆಯದು ಎಂದು ಮಾರುವ ಕಡಿಮೆ ಸೋಡಿಯಂ ಉಪ್ಪನ್ನು ಮಾತ್ರ ತರಬೇಡಿ. ಅದರಲ್ಲಿ ಪೊಟ್ಯಾಸಿಯಂ ಬೆರೆಸಿರುತ್ತಾರೆ. ಸೋತ ಕಿಡ್ನಿಗೆ ಅದನ್ನು ಹೊರಹಾಕಲು ಆಗದೆ ರಕ್ತದಲ್ಲಿ ಏರಿದರೆ, ಹೃದಯದ ಬಡಿತಕ್ಕೇ ಕುತ್ತು.

ಮುದ್ದೆ ಬಿಡಿಸಬೇಡಿ, ಗಾತ್ರ ಇಳಿಸಿ. ಪೊಟ್ಯಾಸಿಯಂ ರಿಪೋರ್ಟ್ ಸರಿಯಾಗಿದ್ದರೆ ಸೊಪ್ಪು, ಹಣ್ಣಿಗೆ ಹೆದರಬೇಕಿಲ್ಲ. ಅದು ಜಾಸ್ತಿ ಬಂದರೆ ನಮ್ಮ ಬಸ್ಸಾರಿನ ವಿಷಯ ನೆನಪಿರಲಿ: ಸೊಪ್ಪು ಕಾಳು ಬೇಯಿಸಿದಾಗ ಪೊಟ್ಯಾಸಿಯಂ ನೀರಿಗೆ ಇಳಿಯುತ್ತದೆ, ನಾವು ಬಸಿದ ಆ ನೀರಿನಲ್ಲೇ ಸಾರು ಮಾಡುತ್ತೇವೆ. ಅಂಥವರಿಗೆ ಪಲ್ಯ ಬಡಿಸಿ, ಬಸಿದ ನೀರು ಬೇಡ.

ಮಾವಿನ ಸೀಮೆಯವರಿಗೆ ಹಣ್ಣು ಮುಟ್ಟಬೇಡಿ ಎಂದರೆ ಕೇಳುತ್ತಾರೆಯೇ? ಒಂದು ದಿನ ಎರಡು ಹೋಳು ತಿಂದು ಎರಡು ಗಂಟೆ ಬಿಟ್ಟು ಗ್ಲುಕೋಮೀಟರ್‌ನಲ್ಲಿ ಬೆರಳು ಚುಚ್ಚಿ ನೋಡಿಕೊಳ್ಳಲಿ. ತಾವೇ ಕಂಡ ಅಂಕಿಯನ್ನು ಅವರು ನಂಬುತ್ತಾರೆ, ನಿಮ್ಮನ್ನೂ ನನ್ನನ್ನೂ ಅಲ್ಲ.

ನೋವಿನ ಮಾತ್ರೆ ಮಾತ್ರ ಇವತ್ತೇ ನಿಲ್ಲಬೇಕು, ಇದರಲ್ಲಿ ರಾಜಿ ಇಲ್ಲ. ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸೆಕ್ಲೋಫೆನಾಕ್ ಇವೆಲ್ಲ ಕಿಡ್ನಿಗೆ ಹೋಗುವ ರಕ್ತವನ್ನು ತಗ್ಗಿಸುತ್ತವೆ. ಅಂಗಡಿಯಲ್ಲಿ ಕೊಡುವ ಎಷ್ಟೋ ಸ್ಟ್ರಿಪ್‌ಗಳಲ್ಲಿ ಅಸೆಕ್ಲೋಫೆನಾಕ್ ಜೊತೆ ಪ್ಯಾರಾಸಿಟಮಾಲ್ ಸೇರಿರುತ್ತದೆ. ‘ಪ್ಯಾರಾಸಿಟಮಾಲ್ ತಾನೇ’ ಎಂದು ಮೋಸ ಹೋಗುತ್ತಾರೆ. ಸ್ಟ್ರಿಪ್ ತಿರುಗಿಸಿ ಓದುವುದನ್ನು ಮೊಮ್ಮಕ್ಕಳು ಕಲಿಸಲಿ. ಮೆಡಿಕಲ್ ಸ್ಟೋರ್‌ನಲ್ಲಿ ‘ನನಗೆ ಕಿಡ್ನಿ ತೊಂದರೆ ಇದೆ, ಬರೀ ಪ್ಯಾರಾಸಿಟಮಾಲ್ ಕೊಡಿ’ ಎಂದು ಬಾಯಿಬಿಟ್ಟು ಹೇಳುವುದನ್ನೂ ಅಭ್ಯಾಸ ಮಾಡಿಸಿ. ತಮಾಷೆ ಅನಿಸಬಹುದು, ಆದರೆ ಆ ಒಂದು ಮಾತು ಹೇಳಲು ನಮ್ಮ ಹಿರಿಯರಿಗೆ ಸಂಕೋಚ.

ಮೆಟ್‌ಫಾರ್ಮಿನ್ ಎಂಬ ಶುಗರ್ ಮಾತ್ರೆ ನುಂಗುತ್ತಿದ್ದರೆ ಇಜಿಎಫ್‌ಆರ್ 45ರ ಕೆಳಗಿಳಿದಾಗ ಪ್ರಮಾಣ ಕಡಿಮೆ ಮಾಡಬೇಕಾಗುತ್ತದೆ, 30ರ ಕೆಳಗೆ ನಿಲ್ಲಿಸುತ್ತೇವೆ. ಮುಂದಿನ ಸಲ ಡಾಕ್ಟರನ್ನು ಇದೊಂದು ಕೇಳಿಬನ್ನಿ.

ಪ್ರಶ್ನೆ: ನಾನು ಎನ್‌ಸಿಡಿ (ಶುಗರ್, ಬಿಪಿಯಂಥ ಅಂಟದ ಕಾಯಿಲೆಗಳ) ಕ್ಲಿನಿಕ್‌ನಲ್ಲಿ ಸ್ಟಾಫ್ ನರ್ಸ್. ಒಬ್ಬೊಬ್ಬರಿಗೆ ಎರಡು ನಿಮಿಷ ಸಿಕ್ಕರೆ ಹೆಚ್ಚು. ಶುಗರ್‌ನಿಂದ ಕಿಡ್ನಿ ತೊಂದರೆ ಬಂದವರಿಗೆ ಇಷ್ಟರಲ್ಲಿ ಏನು ಕಲಿಸಲು ಸಾಧ್ಯ?
– ಮುಳಬಾಗಿಲು

ಉತ್ತರ: ಎರಡು ನಿಮಿಷಕ್ಕೆ ಒಂದೇ ವಿಷಯ. ಹತ್ತು ಹೇಳಿದರೆ ಬಸ್ ಸ್ಟ್ಯಾಂಡ್ ತಲುಪುವಷ್ಟರಲ್ಲಿ ಹತ್ತೂ ಮರೆತಿರುತ್ತಾರೆ. ಈ ಸಲ ಬಿಪಿ ನೋಡುವುದು, ಮುಂದಿನ ಸಲ ಲೋ ಶುಗರ್, ಅದರಾಚೆ ಪಾದ.

‘ಅರ್ಥ ಆಯ್ತಾ?’ ಎಂದು ಮಾತ್ರ ಕೇಳಬೇಡಿ, ಎಲ್ಲರೂ ‘ಹೂಂ ಮೇಡಂ’ ಎನ್ನುತ್ತಾರೆ. ‘ಪಕ್ಕದ ಮನೆಯವರು ಕೇಳಿದರೆ ಏನಂತ ಹೇಳ್ತೀಯಜ್ಜ?’ ಎಂದು ಕೇಳಿ. ಆಗ ಗೊತ್ತಾಗುತ್ತದೆ ಎಲ್ಲಿ ತಪ್ಪಿದೆ ಎಂದು. ನಿಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮಾತು ತೆಲುಗು. ಕನ್ನಡದ ಕರಪತ್ರ ಗೋಡೆಯ ಮೊಳೆಗೆ ಸಿಕ್ಕಿಸಲು ಸರಿ. ಅಜ್ಜಿಗೆ ತೆಲುಗಿನಲ್ಲೇ ಹೇಳಿ, ಚೀಟಿಯಲ್ಲಿ ಸೂರ್ಯ ಚಂದ್ರ ಬರೆದು ಮಾತ್ರೆ ನುಂಗುವ ಹೊತ್ತನ್ನು ಗುರುತು ಮಾಡಿ.

ಬಿಪಿ ಕಲಿಸುವಾಗ ತೋಳಿಗೆ ಸುತ್ತುವ ಪಟ್ಟಿಯನ್ನು ಅವರ ಕೈಗೇ ಕೊಡಿ. ಟೀ, ಬೀಡಿ ಆಗಿ ಅರ್ಧ ಗಂಟೆ ಕಳೆದಿರಬೇಕು, ಮೂತ್ರಕ್ಕೆ ಹೋಗಿ ಬಂದಿರಬೇಕು. ಬೆನ್ನು ಒರಗಿಸಿ, ಕಾಲು ನೆಲಕ್ಕೂರಿ ಐದು ನಿಮಿಷ ಸುಮ್ಮನೆ ಕೂರಲಿ. ತೋಳು ಎದೆಯ ಮಟ್ಟಕ್ಕಿರಲಿ. ನಿಮಿಷ ಬಿಟ್ಟು ಎರಡು ಸಲ ನೋಡಿ, ಎರಡನ್ನೂ ನೋಟ್‌ಬುಕ್‌ನಲ್ಲಿ ಬರೆಯಲಿ. ಹೆಚ್ಚಿನವರಿಗೆ ಗುರಿ 130/80ರೊಳಗೆ.

ವಾಂತಿ ಭೇದಿಯ ದಿನದ ಪಾಠವನ್ನು ಹೆಚ್ಚಿನವರು ಮಾಡುವುದೇ ಇಲ್ಲ. ಮೈಯಲ್ಲಿ ನೀರು ಒಣಗಿದಾಗ ಟೆಲ್ಮಿಸಾರ್ಟನ್, ರಾಮಿಪ್ರಿಲ್‌ನಂಥ ಬಿಪಿ ಮಾತ್ರೆ, ನೀರಿಳಿಸುವ ಮಾತ್ರೆ, ಮೆಟ್‌ಫಾರ್ಮಿನ್, ಡಪಾಗ್ಲಿಫ್ಲೋಜಿನ್ ಎಂಬ ಶುಗರ್ ಮಾತ್ರೆ ಕೆಲವು ದಿನ ನಿಲ್ಲಿಸಬೇಕಾಗಬಹುದು. ಯಾವುದು ಎಂದು ಡಾಕ್ಟರಿಂದ ಮೊದಲೇ ಬರೆಸಿ ನೋಟ್‌ಬುಕ್‌ನ ಹಿಂದಿನ ರಟ್ಟಿಗೆ ಅಂಟಿಸಿಕೊಡಿ. ಊಟ ನೀರು ಸರಿಹೋದ ಮೇಲೆ ಮತ್ತೆ ಶುರು ಮಾಡಬೇಕೆಂಬುದನ್ನೂ ಅದರಲ್ಲೇ ಬರೆಸಿ, ಇಲ್ಲದಿದ್ದರೆ ಬಿಟ್ಟವರು ಬಿಟ್ಟೇಬಿಡುತ್ತಾರೆ. ಇನ್ಸುಲಿನ್ ಮಾತ್ರ ತಾವಾಗಿ ನಿಲ್ಲಿಸುವಂತಿಲ್ಲ.

ಪ್ರಶ್ನೆ: ಇನ್ಸುಲಿನ್ ಶುರು ಮಾಡಿದ ಮೇಲೇ ನಮ್ಮ ದೊಡ್ಡಪ್ಪನ ಕಿಡ್ನಿ ಹೋಯಿತು. ಈಗ ನನಗೂ ಬರೆದಿದ್ದಾರೆ. ಚುಚ್ಚಿಸಿಕೊಳ್ಳಲೇ?
– ಬಂಗಾರಪೇಟೆ

ಉತ್ತರ: ಚುಚ್ಚಿಸಿಕೊಳ್ಳಿ. ಇನ್ಸುಲಿನ್‌ನಿಂದ ಕಿಡ್ನಿ ಹೋಗುವುದಿಲ್ಲ. ಎಷ್ಟೋ ಜನರಿಗೆ ಅದನ್ನು ಕೊಡುವ ಹೊತ್ತಿಗೆ ಕಾಯಿಲೆ ಹಳೆಯದಾಗಿ ಕಿಡ್ನಿ ಆಗಲೇ ಸೋತಿರುತ್ತದೆ, ಅಪವಾದ ಸೂಜಿಗೆ ಬರುತ್ತದೆ. ಒಂದು ಮಾತು ನೆನಪಿಡಿ: ಕಿಡ್ನಿ ಸೋತಂತೆ ಇನ್ಸುಲಿನ್ ಮೈಯಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಶುಗರ್ ತಾನಾಗಿ ಇಳಿಯತೊಡಗಿದರೆ ವಾಸಿಯಾಯಿತೆಂದು ಹಿಗ್ಗದೆ ಡಾಕ್ಟರಿಗೆ ತೋರಿಸಿ, ಪ್ರಮಾಣ ಇಳಿಸಬೇಕಾಗಬಹುದು. ಬೆವರು, ನಡುಕ ಬಂದು ಮೀಟರ್ 70ಕ್ಕಿಂತ ಕಡಿಮೆ ತೋರಿಸಿದರೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಕಲಸಿ ಕುಡಿದು, ಹದಿನೈದು ನಿಮಿಷಕ್ಕೆ ಮತ್ತೆ ನೋಡಿ. ಕೆಲಸಕ್ಕೆಂದು ರೈಲು ಹತ್ತುವವರಾದರೆ ಸಕ್ಕರೆ ಪೊಟ್ಟಣ ಜೇಬಿನಲ್ಲೇ ಇರಲಿ, ಊಟದ ಬ್ಯಾಗಿನಲ್ಲಲ್ಲ. ನೂಕುನುಗ್ಗಲಿನಲ್ಲಿ ಬ್ಯಾಗು ಕೈಗೆ ಸಿಗುವುದಿಲ್ಲ.